ಊಟ ಸೇರಿಸಿ ಪ್ಯಾಕೇಜ್ ಬುಕ್ ಮಾಡುವವರೇ, ಚೆಕ್‌ಔಟ್ ಬಿಲ್ ನೋಡದೆ ಕಾರ್ಡ್ ಕೊಡಬೇಡಿ

ಮನಾಲಿ ಕಡೆ ಹೊರಟಿರುವವರು, ಅದರಲ್ಲೂ ಏಜೆಂಟ್ ಹತ್ತಿರ 'ಎಂಎಪಿ ಪ್ಲಾನ್' ಅಂತ ಮುಂಚೆಯೇ ದುಡ್ಡು ಕಟ್ಟಿರುವವರು ದಯವಿಟ್ಟು ಇದನ್ನು ಓದಿ. ಕಳೆದ ದಸರಾ ರಜೆಯಲ್ಲಿ ಅತ್ತೆ, ಮಾವ, ನಮ್ಮನೆಯವರು, ನಾನು, ಮಗ ಎಲ್ಲರೂ ಹೋಗಿ ಬಂದೆವು. ಊರು ತುಂಬಾ ಚೆನ್ನಾಗಿದೆ. ರೂಮೂ ಪರವಾಗಿಲ್ಲ. ಹೊಟ್ಟೆ ಉರಿಸಿದ್ದು ಊಟದ ವಿಷಯ.

ಈ ಪ್ಲಾನ್‌ಗಳ ಲೆಕ್ಕ ಮೊದಲು ಹೇಳಿಬಿಡುತ್ತೇನೆ. ಏಜೆಂಟರು ಇದನ್ನು ಬಿಡಿಸಿ ಹೇಳುವುದೇ ಇಲ್ಲ. ಇಪಿ ಅಂದರೆ ಬರೀ ರೂಮು. ಸಿಪಿ ಅಂದರೆ ರೂಮಿನ ಜೊತೆ ಬೆಳಗಿನ ತಿಂಡಿ. ಎಂಎಪಿ ಅಂದರೆ ತಿಂಡಿ ಮತ್ತು ಒಂದು ಹೊತ್ತಿನ ಊಟ, ಸಾಮಾನ್ಯವಾಗಿ ರಾತ್ರಿಯದು. ಎಪಿ ಅಂದರೆ ಮೂರು ಹೊತ್ತೂ ಸೇರಿದೆ. ಆದರೆ 'ಊಟ' ಅಂದರೆ ಏನೇನು ಅಂತ ಯಾರ ವೋಚರ್‌ನಲ್ಲೂ ಬರೆದಿರುವುದಿಲ್ಲ. ತೊಂದರೆ ಶುರುವಾಗುವುದೇ ಅಲ್ಲಿಂದ.

ನಮಗೆ ಬಫೆ ಅಂತ ಹೇಳಿದ್ದರು. ಹೋಗಿ ನೋಡಿದರೆ ರೂಮುಗಳು ಅಷ್ಟಾಗಿ ತುಂಬಿರಲಿಲ್ಲ, ಅದಕ್ಕೆ ಬಫೆ ಇಲ್ಲ, ಸೆಟ್ ಮೆನು. ದಾಲ್, ಒಂದು ಪಲ್ಯ, ಪನೀರ್, ರೋಟಿ, ಅನ್ನ. ಸರಿ, ತಿನ್ನೋಣ ಅಂತ ಕೂತೆವು. ಪಕ್ಕದ ಟೇಬಲ್‌ನವರು ಮೆನು ನೋಡಿ ಆರ್ಡರ್ ಮಾಡುತ್ತಿದ್ದರು. ಅವರಿಗೆ ರೋಟಿ ಬಿಸಿಬಿಸಿಯಾಗಿ ಒಂದೊಂದೇ ಬರುತ್ತಿತ್ತು. ನಮ್ಮ ಟೇಬಲ್‌ಗೆ ಎಲ್ಲ ರೋಟಿ ಒಂದೇ ಸಲ ಬುಟ್ಟಿಯಲ್ಲಿ ತಂದಿಟ್ಟು ಹೋದರು. ಆಮೇಲೆ ಆ ಕಡೆ ತಿರುಗಿ ನೋಡಿದವರಿಲ್ಲ. ನೀರು ಕೇಳಿದರೆ ಬಾಟಲಿಯ ಸೀಲ್ ಒಡೆದು ಇಟ್ಟರು.

ಮಾವನಿಗೆ ಕೊನೆಗೆ ಮೊಸರನ್ನ ಬೇಕೇ ಬೇಕು. ಮೊಸರು ಕೇಳಿದೆವು. ತಂದರು. ಹಿಂದೆಯೇ ಒಂದು ಸಣ್ಣ ಚೀಟಿ ಬಂತು. ಕಾರ್ಬನ್ ಇಟ್ಟು ಪೆನ್ನಿನಲ್ಲಿ ಬರೆದದ್ದು. ಮೇಲೆ ರೂಮ್ ನಂಬರ್, ಕೆಳಗೆ 'ಕರ್ಡ್ 2', ಅದರ ಕೆಳಗೆ ಸೈನ್ ಮಾಡಲು ಜಾಗ. ರೇಟ್ ಮಾತ್ರ ಎಲ್ಲೂ ಇಲ್ಲ. "ಇದೇನಪ್ಪಾ?" ಅಂತ ಮಾವ ಕೇಳಿದರೆ, "ಏನಿಲ್ಲ ಅಂಕಲ್, ಸುಮ್ನೆ ಫಾರ್ಮಾಲಿಟಿ" ಅಂದ ವೇಟರ್. ಮಗನ ಹಾಲು, ಬಾಟಲಿ ನೀರು, ಒಂದು ಪ್ಲೇಟ್ ಜಾಸ್ತಿ ಅನ್ನ, ಎಲ್ಲದಕ್ಕೂ ಇದೇ ಚೀಟಿ, ಇದೇ ಮಾತು.

ಇನ್ನೊಂದು ದಿನ ಕುಲ್ಲು ದಸರಾ ನೋಡಲು ಹೋಗಿದ್ದೆವು. ನಮ್ಮಲ್ಲಿ ಜಂಬೂ ಸವಾರಿ ನಡೆಯುವ ವಿಜಯದಶಮಿಯ ದಿನ ಅಲ್ಲಿ ಹಬ್ಬ ಶುರುವಾಗುತ್ತದೆ. ಆಮೇಲೆ ಒಂದು ವಾರ ಧಾಲ್‌ಪುರ್ ಮೈದಾನದಲ್ಲಿ ದೇವರ ಪಲ್ಲಕ್ಕಿಗಳ ಸಾಲು. ನೋಡಲೇಬೇಕಾದದ್ದು, ಅದರಲ್ಲಿ ಎರಡು ಮಾತಿಲ್ಲ. ಆದರೆ ವಾಪಸ್ ಬರುವಾಗ ಟ್ರಾಫಿಕ್. ಹೋಟೆಲ್ ಮುಟ್ಟುವ ಹೊತ್ತಿಗೆ ಹತ್ತು ದಾಟಿತ್ತು, ಅಡುಗೆಮನೆ ಬಂದ್. ತಪ್ಪಿದ ಊಟಕ್ಕೆ ದುಡ್ಡು ವಾಪಸ್ ಇಲ್ಲ, ಮಾರನೇ ದಿನಕ್ಕೆ ಸೇರಿಸುವುದೂ ಇಲ್ಲ. ವಯಸ್ಸಾದವರು ಬಿಸ್ಕತ್ತು ತಿಂದು ಮಲಗಿದರು. ಇದನ್ನು ನೆನೆಸಿಕೊಂಡರೆ ಈಗಲೂ ಸಿಟ್ಟು ಬರುತ್ತದೆ.

ಟಿಪ್ಸ್ ವಿಷಯಕ್ಕೆ ಬರುತ್ತೇನೆ. ಕೊನೆಯ ರಾತ್ರಿ ಆ ವೇಟರ್ ಹತ್ತಿರ ಬಂದು ಮೆಲ್ಲಗೆ ಹೇಳಿದ, "ಮೇಡಂ, ಪ್ಲಾನ್ ಗೆಸ್ಟ್‌ಗಳಿಂದ ನಮಗೇನೂ ಸಿಗಲ್ಲ." ಯೋಚಿಸಿದರೆ ಅವನ ಮಾತು ನಿಜ. ಪ್ಲಾನ್‌ನಲ್ಲಿ ಊಟ ಮಾಡುವವರ ಟೇಬಲ್‌ಗೆ ಬಿಲ್ಲೇ ಬರುವುದಿಲ್ಲ. ಬಿಲ್ ಇಲ್ಲ ಅಂದಮೇಲೆ ಟಿಪ್ಸ್ ನೆನಪಾಗುವುದೂ ಇಲ್ಲ. ಹಾಗಾಗಿ ಅವರಿಗೂ ನಮ್ಮ ಮೇಲೆ ಗಮನ ಇರುವುದಿಲ್ಲ. ಬಡಿಸುವ ಹುಡುಗನನ್ನು ನಾನು ಬೈಯುವುದಿಲ್ಲ. ಇನ್ನೂರು ರೂಪಾಯಿ ಅವನ ಕೈಗೇ ಕೊಟ್ಟೆ.

ಬೆಳಗ್ಗೆ ಚೆಕ್‌ಔಟ್ ಬಿಲ್ ನೋಡಿದರೆ ಎಕ್ಸ್‌ಟ್ರಾ ಊಟ 1,840 ರೂಪಾಯಿ. ಅದರ ಮೇಲೆ 10% ಸರ್ವಿಸ್ ಚಾರ್ಜ್ 184. ಎರಡನ್ನೂ ಕೂಡಿಸಿ ಅದರ ಮೇಲೆ 5% ಜಿಎಸ್‌ಟಿ. ಒಟ್ಟು 2,125. "ಸರ್ವಿಸ್ ಚಾರ್ಜ್ ಯಾಕೆ?" ಅಂದರೆ "ಸ್ಟಾಫ್‌ಗೆ ಹೋಗುತ್ತೆ, ಎಲ್ಲರೂ ಕೊಡ್ತಾರೆ" ಅಂದರು. ಹಿಂದಿನ ರಾತ್ರಿ ನಮಗೇನೂ ಸಿಗಲ್ಲ ಅಂದವನೂ ಅವರ ಸ್ಟಾಫೇ ಅಲ್ವಾ?

ಇದು ಎಲ್ಲರಿಗೂ ಗೊತ್ತಿರಬೇಕು. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲೇ ನಿಯಮ ತಂದಿದೆ. ಹೋಟೆಲ್‌ನವರು ಸರ್ವಿಸ್ ಚಾರ್ಜನ್ನು ತಾವಾಗಿಯೇ ಬಿಲ್‌ಗೆ ಸೇರಿಸುವ ಹಾಗಿಲ್ಲ. ಬೇರೆ ಹೆಸರಿಟ್ಟು ವಸೂಲಿ ಮಾಡುವ ಹಾಗಿಲ್ಲ. ಬಿಲ್‌ಗೆ ಕೂಡಿಸಿ ಅದರ ಮೇಲೆ ಜಿಎಸ್‌ಟಿ ಹಾಕುವ ಹಾಗೂ ಇಲ್ಲ. ಕೊಡುವುದು ಬಿಡುವುದು ಗ್ರಾಹಕರ ಇಷ್ಟ. ಹೋಟೆಲ್ ಸಂಘಗಳು ಇದರ ವಿರುದ್ಧ ಕೋರ್ಟಿಗೆ ಹೋದವು. 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ನಿಯಮ ಸರಿ ಅಂತಲೇ ತೀರ್ಪು ಕೊಟ್ಟಿತು. ಜಿಎಸ್‌ಟಿ ಸರ್ಕಾರದ್ದು, ಅದನ್ನು ಕಟ್ಟಲೇಬೇಕು. ಸರ್ವಿಸ್ ಚಾರ್ಜ್ ಮಾಲೀಕರು ಹಾಕಿಕೊಂಡದ್ದು.

ನಮ್ಮನೆಯವರು ಕೌಂಟರ್‌ನಲ್ಲಿ ನಿಂತು ಇದನ್ನೇ ಹೇಳಿದರು. ಕೌಂಟರ್‌ನವರು ಮೊದಲು "ಮ್ಯಾನೇಜರ್ ಇಲ್ಲ" ಅಂದರು, ಆಮೇಲೆ "ಸಿಸ್ಟಮ್‌ನಿಂದ ತೆಗೆಯಲು ಬರಲ್ಲ" ಅಂದರು. ಅಲ್ಲೇ ನಿಂತು 1915ಕ್ಕೆ, ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ, ಫೋನ್ ಹಚ್ಚಿದ ಮೇಲೆ ಹೊಸ ಬಿಲ್ ಬಂತು, 1,932 ರೂಪಾಯಿ. ಕಡಿಮೆಯಾದದ್ದು ಇನ್ನೂರು ರೂಪಾಯಿಗೂ ಕಮ್ಮಿ ನಿಜ. ಆದರೆ ಅಲ್ಲಿ ಕ್ಯೂನಲ್ಲಿ ನಿಂತಿದ್ದ ಪ್ರತಿಯೊಬ್ಬರ ಬಿಲ್‌ನಲ್ಲೂ ಅದೇ ಸಾಲು ಇತ್ತು.

ಮೊಸರು, ಹಾಲು, ನೀರಿನ ದುಡ್ಡು ಮಾತ್ರ ವಾಪಸ್ ಬರಲಿಲ್ಲ. ಚೀಟಿಗೆ ಸೈನ್ ಆಗಿತ್ತಲ್ಲ. ಅದಕ್ಕೇ ಹೇಳುತ್ತಿರುವುದು, ರೇಟ್ ಬರೆಯದ ಚೀಟಿಗೆ ಸೈನ್ ಹಾಕಬೇಡಿ. ಮನೆಯ ಹಿರಿಯರಿಗೂ ಹೊರಡುವ ಮುಂಚೆಯೇ ಹೇಳಿಡಿ, ಅವರ ಕೈಗೇ ಮೊದಲು ಚೀಟಿ ಕೊಡುತ್ತಾರೆ. ಬಫೆಯೋ ಸೆಟ್ ಮೆನುವೋ, ಮೊಸರು ಸೇರಿದೆಯೋ ಇಲ್ಲವೋ, ಮಕ್ಕಳ ಊಟಕ್ಕೆ ಬೇರೆ ದುಡ್ಡೋ, ಅಡುಗೆಮನೆ ಎಷ್ಟು ಹೊತ್ತಿಗೆ ಮುಚ್ಚುತ್ತದೆ, ತಡವಾದರೆ ಪ್ಯಾಕ್ ಮಾಡಿ ಇಡುತ್ತಾರೋ, ಇದನ್ನೆಲ್ಲ ಅಡ್ವಾನ್ಸ್ ಕಳಿಸುವ ಮೊದಲೇ ಏಜೆಂಟ್ ಹತ್ತಿರ ವಾಟ್ಸಾಪ್‌ನಲ್ಲಿ ಕೇಳಿ. ಫೋನಿನಲ್ಲಿ ಹೇಳಿದ್ದಕ್ಕೆ ಅಲ್ಲಿ ಬೆಲೆ ಇಲ್ಲ.