ಕ್ಯಾಲಿಫೋರ್ನಿಯಾದ ಸರ್ಕಾರಿ ಪಿಂಚಣಿ ಲೆಕ್ಕ ಎಲ್ಲಿ ನೋಡಬೇಕು? ಪುಕ್ಕಟೆ ತಾಣಗಳ ವಿಮರ್ಶೆ

ಕ್ಯಾಲಿಫೋರ್ನಿಯಾದಲ್ಲಿ ಮನೆ ಕೊಂಡು ಆಸ್ತಿ ತೆರಿಗೆ ಕಟ್ಟುವ ನಮ್ಮವರು ನಾಲ್ಕು ಜನ ಸೇರಿದರೆ ಒಂದು ಮಾತು ಬಂದೇ ಬರುತ್ತದೆ. ಇಲ್ಲಿನ ಪೊಲೀಸರು, ಫೈರ್‌ನವರು ರಿಟೈರ್ ಆದ ಮೇಲೆ ಎಷ್ಟು ಪಿಂಚಣಿ ತಗೊಳ್ತಾರೆ ಗೊತ್ತಾ? ತಕ್ಷಣ ಯಾರಾದರೊಬ್ಬರು ಟ್ರಾನ್ಸ್‌ಪರೆಂಟ್ ಕ್ಯಾಲಿಫೋರ್ನಿಯಾ ಎಂಬ ತಾಣ ತೆರೆಯುತ್ತಾರೆ. ಊರಿನ ಹೆಸರು ಹಾಕಿದರೆ ದೊಡ್ಡ ಮೊತ್ತದಿಂದ ಚಿಕ್ಕ ಮೊತ್ತಕ್ಕೆ ಜೋಡಿಸಿದ ಪಟ್ಟಿ ಬರುತ್ತದೆ. ಎಲ್ಲರೂ ಅಬ್ಬಾ ಅನ್ನುತ್ತಾರೆ, ಮಾತು ಅಲ್ಲಿಗೆ ಮುಗಿಯುತ್ತದೆ. ನನ್ನ ತಕರಾರು ಇರುವುದೇ ಅಲ್ಲಿ. ನಮ್ಮ ಜೇಬಿಗೆ ನಿಜವಾಗಿ ತಟ್ಟುವ ಅಂಕಿ ಆ ಪಟ್ಟಿಯಲ್ಲಿ ಇಲ್ಲ. ಅದು ಬೇರೆ ಕಡೆ ಇದೆ, ಪುಕ್ಕಟೆಯಾಗಿಯೇ ಇದೆ, ಆದರೆ ಅಲ್ಲಿಗೆ ಹೋಗುವವರು ಕಡಿಮೆ. ಹಾಗಾಗಿ ಈ ತಾಣಗಳನ್ನೆಲ್ಲ ಒಟ್ಟಿಗೆ ಇಟ್ಟು ಬರೆಯುತ್ತಿದ್ದೇನೆ.

ಮೊದಲು ಟ್ರಾನ್ಸ್‌ಪರೆಂಟ್ ಕ್ಯಾಲಿಫೋರ್ನಿಯಾ. ಇದು ಸರ್ಕಾರದ್ದಲ್ಲ. ಶುರು ಮಾಡಿದ ನೆವಾಡಾದ ಸಂಸ್ಥೆ ತೆರಿಗೆ ಕಡಿಮೆ ಇರಬೇಕು, ಸರ್ಕಾರ ಚಿಕ್ಕದಿರಬೇಕು ಎನ್ನುವ ಪಂಗಡದ್ದು, ಇದನ್ನು ನೆನಪಿಟ್ಟುಕೊಂಡು ನೋಡಬೇಕು. ಹಾಗಂತ ಅಂಕಿಗಳು ಕಟ್ಟುಕತೆ ಅಲ್ಲ. ಸಾರ್ವಜನಿಕ ದಾಖಲೆ ಕಾನೂನಿನ ಅಡಿಯಲ್ಲಿ ಅರ್ಜಿ ಹಾಕಿ, ಪಿಂಚಣಿ ಮಂಡಳಿಗಳಿಂದಲೇ ತರಿಸಿಕೊಂಡದ್ದು. ಆ ಕಾನೂನು 1968ರಿಂದ ಇದೆ, ಆದರೂ ಎಷ್ಟೋ ಮಂಡಳಿಗಳು ಹೆಸರು ಸಮೇತ ಪಿಂಚಣಿ ಕೊಡೋಕೆ ಒಪ್ಪುತ್ತಿರಲಿಲ್ಲ. 2011ರಲ್ಲಿ ಸ್ಯಾಕ್ರಮೆಂಟೊ ಕೌಂಟಿಯ ಪಿಂಚಣಿ ಮಂಡಳಿಯ ಪ್ರಕರಣದಲ್ಲಿ ಮೇಲ್ಮನವಿ ನ್ಯಾಯಾಲಯ ಹೆಸರೂ ಮೊತ್ತವೂ ಸಾರ್ವಜನಿಕ ಅಂತ ತೀರ್ಪು ಕೊಟ್ಟಿತು. ಅದಾದ ಮೇಲೆ ಹೀಗೆ ಹುಡುಕುವುದು ಇಷ್ಟು ಸುಲಭವಾಗಿದ್ದು.

ಬಳಸೋಕೆ ಚೆನ್ನಾಗಿದೆ, ಬೇಗ ಹುಡುಕಿ ಕೊಡುತ್ತದೆ. ಸಮಸ್ಯೆ ಏನೆಂದರೆ, ಒಂದು ಮೊತ್ತ ಕಾಣುತ್ತದೆ, ಅದರ ಹಿಂದಿನ ಕತೆ ಕಾಣುವುದಿಲ್ಲ. ಸೇವೆಯ ವರ್ಷ, ರಿಟೈರ್ ಆದ ವರ್ಷ ಕೆಲವು ಕಡೆ ಇರುತ್ತದೆ, ಕೆಲವು ಕಡೆ ಇಲ್ಲ. ಯಾವ ಸೂತ್ರದಲ್ಲಿ ಲೆಕ್ಕ ಹಾಕಿದ್ದು ಅನ್ನುವುದು ಪಟ್ಟಿ ನೋಡಿದರೆ ಗೊತ್ತಾಗುವುದಿಲ್ಲ, ಅಸಲಿ ವಿಷಯ ಇರುವುದೇ ಸೂತ್ರದಲ್ಲಿ. ಹಳೆಯ ಪೊಲೀಸ್, ಫೈರ್ ಸಿಬ್ಬಂದಿಗೆ ಅನೇಕ ಊರುಗಳಲ್ಲಿ "50ಕ್ಕೆ ಶೇ 3" ಇತ್ತು. ಅಂದರೆ 50 ವಯಸ್ಸಿಗೆ ರಿಟೈರ್ ಆದರೆ, ಪ್ರತಿ ಸೇವಾ ವರ್ಷಕ್ಕೆ ಕೊನೆಯ ಸಂಬಳದ ಶೇ 3. ಮೂವತ್ತು ವರ್ಷ ದುಡಿದು, ಕೊನೆಯ ಸಂಬಳ 1 ಲಕ್ಷ ಡಾಲರ್ ಇದ್ದವರಿಗೆ ವರ್ಷಕ್ಕೆ 90 ಸಾವಿರ, ಬದುಕಿರುವವರೆಗೂ. 1999ರಲ್ಲಿ ರಾಜ್ಯ ಶಾಸಕಾಂಗ ಹೆದ್ದಾರಿ ಪೊಲೀಸರಿಗೆ ಇದನ್ನು ಕೊಟ್ಟಿತು. ಶೇರುಪೇಟೆ ಗಗನಕ್ಕೇರಿದ್ದ ಕಾಲ ಅದು, ಫಂಡಿನಲ್ಲಿರುವ ಹೆಚ್ಚುವರಿ ದುಡ್ಡೇ ನೋಡಿಕೊಳ್ಳುತ್ತೆ ಎಂಬ ಲೆಕ್ಕ ನಂಬಿಕೊಂಡು ಊರೂರುಗಳೂ ಹಿಂದೆ ಬಿದ್ದವು. 2013ರ ಜನವರಿ 1ರ ನಂತರ ಹೊಸದಾಗಿ ಸೇರಿದ ಸಾಮಾನ್ಯ ನೌಕರರಿಗೆ "62ಕ್ಕೆ ಶೇ 2" ಅಷ್ಟೇ. ಅದೇ ಮೂವತ್ತು ವರ್ಷಕ್ಕೆ ಶೇ 60, ಅದೂ ಮೂರು ವರ್ಷದ ಸರಾಸರಿ ಸಂಬಳದ ಮೇಲೆ, ಸಂಬಳಕ್ಕೂ ಒಂದು ಮಿತಿ ಇಟ್ಟು. ಪಟ್ಟಿಯ ಮೇಲ್ತುದಿಯ ಹೆಸರುಗಳನ್ನು ನೋಡಿ ಇವತ್ತು ಕೆಲಸಕ್ಕೆ ಸೇರುವ ಹುಡುಗನಿಗೂ ಇಷ್ಟೇ ಸಿಗುತ್ತೆ ಅಂದುಕೊಂಡರೆ ತಪ್ಪು. ಇನ್ನೊಂದು ಮಾತು: ಇಲ್ಲಿನ ಸರ್ಕಾರಿ ಶಾಲೆ ಟೀಚರ್‌ಗಳು ಆ ಕೆಲಸಕ್ಕೆ ಒಕ್ಕೂಟ ಸರ್ಕಾರದ ಪಿಂಚಣಿ ಯೋಜನೆಯಾದ ಸೋಷಿಯಲ್ ಸೆಕ್ಯುರಿಟಿಗೆ ಕಟ್ಟುವುದೇ ಇಲ್ಲ, ಆ ದುಡಿಮೆಗೆ ಬರುವುದು ಈ ಪಿಂಚಣಿ ಒಂದೇ. ಪಟ್ಟಿ ಅದನ್ನೂ ಹೇಳುವುದಿಲ್ಲ. 5ಕ್ಕೆ 2 ಸ್ಟಾರ್. ಪಕ್ಕದ ಮನೆಯವರ ಹೆಸರು ಹುಡುಕೋಕೆ ಬಳಸಿದರೆ ಅದೂ ಜಾಸ್ತಿ ಆಯ್ತು.

ರಾಜ್ಯದ ಲೆಕ್ಕಪತ್ರ ನೋಡಿಕೊಳ್ಳುವ ಕಂಟ್ರೋಲರ್ ಕಚೇರಿಯ ತಾಣದಲ್ಲಿ ಹೆಸರಿಲ್ಲ, ಹುದ್ದೆ ಮಾತ್ರ. ಇದು ಹುಟ್ಟಿದ್ದು ಬೆಲ್ ಎಂಬ ಸಣ್ಣ, ಬಡ ಊರಿನ ಹಗರಣದಿಂದ. 2010ರಲ್ಲಿ ಅಲ್ಲಿನ ಸಿಟಿ ಮ್ಯಾನೇಜರ್ ವರ್ಷಕ್ಕೆ ಸುಮಾರು 8 ಲಕ್ಷ ಡಾಲರ್ ಸಂಬಳ ತೆಗೆದುಕೊಳ್ಳುತ್ತಿದ್ದದ್ದು ಪತ್ರಿಕೆಯಲ್ಲಿ ಬಂದಾಗ ಊರಿನವರೇ ದಂಗಾದರು. ಆಗ ಕಂಟ್ರೋಲರ್ ಆಗಿದ್ದ ಜಾನ್ ಚಿಯಾಂಗ್ ಎಲ್ಲ ಊರು, ಕೌಂಟಿಗಳಿಂದ ಸಂಬಳದ ಲೆಕ್ಕ ಕೇಳಿ ತಾಣಕ್ಕೆ ಹಾಕಿಸಿದರು. ಒಬ್ಬೊಬ್ಬ ನೌಕರನ ಮೇಲೆ ಪಿಂಚಣಿ ಫಂಡಿಗೆ, ಆರೋಗ್ಯ ವಿಮೆಗೆ ಆಡಳಿತ ಎಷ್ಟು ಕಟ್ಟುತ್ತಿದೆ ಅನ್ನುವುದೂ ಇದರಲ್ಲಿ ಸಿಗುತ್ತದೆ. ಪೂರ್ತಿ ಡೇಟಾ ಇಳಿಸಿಕೊಂಡು ಎಕ್ಸೆಲ್‌ನಲ್ಲಿ ಆಡಬಹುದು, ನನಗೆ ಇಷ್ಟವಾಗಿದ್ದು ಇದೇ. ಆದರೆ ಇದು ಈಗ ಕೆಲಸದಲ್ಲಿ ಇರುವವರ ಲೆಕ್ಕ. ರಿಟೈರ್ ಆದವರ ಬಾಕಿ ಇಲ್ಲಿಲ್ಲ. 3 ಸ್ಟಾರ್ ಕೊಟ್ಟು ಮುಂದೆ ಹೋಗೋಣ.

ಕ್ಯಾಲ್‌ಪರ್ಸ್ ಬಗ್ಗೆ ಸ್ವಲ್ಪ ಜಾಸ್ತಿ ಬರೆಯಬೇಕು. ರಾಜ್ಯದ ಮತ್ತು ಅನೇಕ ಊರುಗಳ ನೌಕರರ ಪಿಂಚಣಿ ನಡೆಸುವ ಈ ಫಂಡ್ 1932ರಲ್ಲಿ ಶುರುವಾಯಿತು, ಇದರಲ್ಲಿ 20 ಲಕ್ಷಕ್ಕೂ ಹೆಚ್ಚು ಸದಸ್ಯರಿದ್ದಾರೆ. ತನ್ನ ಜೊತೆ ಒಪ್ಪಂದ ಇರುವ ಪ್ರತಿ ಊರಿಗೂ ಪ್ರತಿ ವರ್ಷ ಒಂದು ಮೌಲ್ಯಮಾಪನ ವರದಿ ಬರೆದು ಎಲ್ಲರಿಗೂ ಕಾಣುವ ಹಾಗೆ ತನ್ನ ತಾಣದಲ್ಲಿ ಹಾಕುತ್ತದೆ. ನೋಡೋಕೆ ಒಣ ಒಣ ಪಿಡಿಎಫ್. ಆದರೆ ಮೊದಲ ಕೆಲವು ಪುಟಗಳಲ್ಲೇ ಒಂದು ಪುಟ್ಟ ಕೋಷ್ಟಕ ಸಿಗುತ್ತದೆ, ಅದನ್ನು ತಪ್ಪಿಸಬೇಡಿ. ಅದರಲ್ಲಿ ಊರು ಕಟ್ಟಬೇಕಾದ್ದು ಎರಡು ಭಾಗವಾಗಿ ಇರುತ್ತದೆ. ಒಂದು, ಈ ವರ್ಷದ ಸೇವೆಗೆ ಸಂಬಳದ ಇಷ್ಟು ಶೇಕಡಾ. ಇನ್ನೊಂದು, ಹಿಂದಿನ ಸೇವೆಗೆ ಫಂಡಿನಲ್ಲಿ ಬಿದ್ದ ಕೊರತೆ ತುಂಬೋಕೆ ಇಷ್ಟು ಡಾಲರ್. ಎರಡನೆಯದು ಶೇಕಡಾ ಅಲ್ಲ, ನೇರ ಡಾಲರ್ ಅನ್ನುವುದನ್ನು ಗಮನಿಸಿ. ಊರು ಅರ್ಧ ಸಿಬ್ಬಂದಿಯನ್ನು ಮನೆಗೆ ಕಳಿಸಿದರೂ ಆ ಬಿಲ್ ಇಳಿಯುವುದಿಲ್ಲ, ಯಾಕಂದ್ರೆ ಅದು ಹಳೇ ಸಾಲ. ಪಕ್ಕದಲ್ಲೇ ಮುಂದಿನ ವರ್ಷಗಳ ಅಂದಾಜೂ ಇರುತ್ತದೆ. ಲೈಬ್ರರಿ ಸಮಯ ಯಾಕೆ ಕಡಿಮೆ ಮಾಡಿದರು, ರಸ್ತೆ ರಿಪೇರಿ ಯಾಕೆ ಮುಂದೂಡಿದರು ಅಂತ ಕೇಳುವವರು ಹೆಸರಿನ ಪಟ್ಟಿಗಿಂತ ಮೊದಲು ಈ ಸಾಲು ನೋಡಬೇಕು.

ವರದಿಯ ಹಿಂಭಾಗದಲ್ಲಿ ಇನ್ನೊಂದು ಮಜಾ ಇದೆ. ಕ್ಯಾಲ್‌ಪರ್ಸ್ ಹೂಡಿಕೆಯಿಂದ ವರ್ಷಕ್ಕೆ ಇಷ್ಟು ಬರುತ್ತೆ ಅಂತ ಒಂದು ದರ ಇಟ್ಟುಕೊಂಡೇ ಇಡೀ ಲೆಕ್ಕ ಹಾಕುವುದು. ಅದು ಮೊದಲು ಶೇ 7.5 ಇತ್ತು, 2016ರ ಕೊನೆಯಲ್ಲಿ ಹಂತಹಂತವಾಗಿ 7ಕ್ಕೆ ಇಳಿಸಲು ನಿರ್ಧರಿಸಿದರು, 2021ರಲ್ಲಿ 6.8 ಆಯಿತು. ಅರ್ಧ ಪರ್ಸೆಂಟ್ ತಾನೇ ಅನಿಸುತ್ತೆ, ಅಲ್ವಾ? ಆದರೆ ಹೂಡಿಕೆಯಿಂದ ಕಡಿಮೆ ಬರುತ್ತೆ ಅಂದುಕೊಂಡರೆ ಈಗಲೇ ಹೆಚ್ಚು ಎತ್ತಿಡಬೇಕು, ಕೊರತೆ ಬೆಳೆಯುತ್ತದೆ. ಆ ದರ ಒಂದು ಪರ್ಸೆಂಟ್ ಮೇಲೆ, ಕೆಳಗೆ ಹೋದರೆ ಕೊರತೆ ಎಷ್ಟಾಗುತ್ತೆ ಅಂತ ವರದಿಯೇ ತೋರಿಸುತ್ತದೆ. ಜೊತೆಗೆ, ನಾಳೆಯೇ ಈ ಊರು ಒಪ್ಪಂದ ಮುರಿದು ಹೊರಗೆ ಹೋದರೆ ಎಷ್ಟು ಕೊಡಬೇಕು ಎಂಬ ಕಾಲ್ಪನಿಕ ಲೆಕ್ಕವೂ ಇದೆ. ಅದನ್ನು ಅಪಾಯವಿಲ್ಲದ ಕಡಿಮೆ ದರದಲ್ಲಿ ಹಾಕುವುದರಿಂದ ಮೊತ್ತ ದಿಢೀರ್ ಅಂತ ಬೆಳೆಯುತ್ತದೆ. ಅದೇ ಜನ, ಅದೇ ಭರವಸೆ, ಅದೇ ಪಿಡಿಎಫ್, ಸಾಲ ಮಾತ್ರ ಬೇರೆ ಬೇರೆ. ಯಾರಾದರೂ "ನಮ್ಮ ಊರಿನ ಪಿಂಚಣಿ ಸಾಲ ಇಷ್ಟೇ" ಅಂದರೆ ಯಾವ ದರದಲ್ಲಿ ಸ್ವಾಮಿ ಅಂತ ಕೇಳಿ. ಇದಕ್ಕೆ ನಾಲ್ಕೂವರೆ ಸ್ಟಾರ್. ಅರ್ಧ ಕಡಿದದ್ದು ಭಾಷೆಗೆ, ಸಾಮಾನ್ಯ ಜನ ಓದಲಿ ಅಂತ ಬರೆದದ್ದಲ್ಲ ಇದು. ಲಾಸ್ ಏಂಜಲೀಸ್, ಸ್ಯಾನ್ ಫ್ರಾನ್ಸಿಸ್ಕೊ, ಸ್ಯಾನ್ ಹೋಸೆ, ಸ್ಯಾನ್ ಡಿಯಾಗೊ ಊರುಗಳಿಗೆ ತಮ್ಮದೇ ಫಂಡ್ ಇದೆ, ಇಪ್ಪತ್ತು ಕೌಂಟಿಗಳು 1937ರ ಕಾನೂನಿನ ಕೆಳಗೆ ಬೇರೆ ಫಂಡ್ ನಡೆಸುತ್ತವೆ. ಅಂಥವರು ತಮ್ಮ ಫಂಡಿನ ತಾಣಕ್ಕೇ ಹೋಗಬೇಕು.

ಈಗ ಎಲ್ಲರೂ ಮರೆಯುವ ವಿಷಯಕ್ಕೆ ಬರುತ್ತೇನೆ: ರಿಟೈರ್ ಆದವರ ಆರೋಗ್ಯ ವಿಮೆ. ಮೇಲೆ ಹೇಳಿದ ಯಾವ ತಾಣದಲ್ಲೂ ಇದರ ಪೂರ್ತಿ ಬಾಕಿ ಸಿಗುವುದಿಲ್ಲ. ಊರಿನ ವಾರ್ಷಿಕ ಹಣಕಾಸು ವರದಿಯ ಟಿಪ್ಪಣಿಗಳಲ್ಲಿ, "ಓಪೆಬ್" (ಪಿಂಚಣಿ ಬಿಟ್ಟು ನಿವೃತ್ತರಿಗೆ ಕೊಡುವ ಇತರ ಸೌಲಭ್ಯ) ಎಂಬ ತಲೆಬರಹದ ಕೆಳಗೆ ಕೂತಿರುತ್ತದೆ. ಆ ವರದಿ ಊರಿನ ತಾಣದಲ್ಲಿ ಸಿಗಬಹುದು. ಊರು ಸಾಲ ಎತ್ತಲು ಬಾಂಡ್ ಮಾರಿದ್ದರೆ ಎಮ್ಮಾ ಎಂಬ ತಾಣದಲ್ಲಿ ಹುಡುಕಿ. ಮುನಿಸಿಪಲ್ ಬಾಂಡ್‌ಗಳ ದಾಖಲೆ ಇಡುವ ಪುಕ್ಕಟೆ ಸೇವೆ ಅದು, ಇಡೀ ದೇಶದ್ದು.

ಬಹಳ ವರ್ಷ ಈ ಬಾಕಿಯನ್ನು ಯಾರೂ ಬರೆದೇ ಇಟ್ಟಿರಲಿಲ್ಲ. ಈ ವರ್ಷ ವಿಮೆ ಕಂಪನಿಗೆ ಎಷ್ಟು ಕಟ್ಟಿದೆವು, ಅಷ್ಟೇ ಖರ್ಚು. ಮುಂದಿನ ಮೂವತ್ತು ವರ್ಷ ಕಟ್ಟುತ್ತೇವೆ ಅಂತ ಕೊಟ್ಟ ಮಾತು ಲೆಕ್ಕದಲ್ಲೇ ಇಲ್ಲ. ಸರ್ಕಾರಿ ಲೆಕ್ಕಪತ್ರದ ನಿಯಮ ಬರೆಯುವ ಗ್ಯಾಸ್ಬಿ 2004ರಲ್ಲಿ 45ನೇ ನಿಯಮ ತಂದ ಮೇಲೆ ಊರುಗಳು ಕೂತು ಲೆಕ್ಕ ಹಾಕಬೇಕಾಯಿತು, ಆಗಲೂ ದೊಡ್ಡ ಮೊತ್ತ ಟಿಪ್ಪಣಿಯಲ್ಲೇ ಉಳಿಯಿತು. 2015ರ 75ನೇ ನಿಯಮದಿಂದ ಅದು ಮುಖ್ಯ ಬ್ಯಾಲೆನ್ಸ್ ಶೀಟಿಗೆ ಬಂತು. ಬಚ್ಚಿಟ್ಟರೆ ಏನಾಗುತ್ತೆ ಅನ್ನುವುದಕ್ಕೆ ಸ್ಯಾನ್ ಡಿಯಾಗೊ ಇದೆ. ಬಾಂಡ್ ಮಾರುವಾಗ ಪಿಂಚಣಿ ಮತ್ತು ರಿಟೈರ್ ಆದವರ ಆರೋಗ್ಯ ವೆಚ್ಚದ ಹೊರೆಯನ್ನು ಸರಿಯಾಗಿ ಹೇಳಲಿಲ್ಲ ಎಂದು ಶೇರು, ಬಾಂಡ್ ಮಾರುಕಟ್ಟೆಯ ಮೇಲೆ ಕಣ್ಣಿಡುವ ಒಕ್ಕೂಟ ಸರ್ಕಾರದ ಸಂಸ್ಥೆ ಎಸ್‌ಇಸಿ 2006ರಲ್ಲಿ ಆ ಊರಿನ ಮೇಲೆ ವಂಚನೆಯ ಕ್ರಮ ಕೈಗೊಂಡಿತು. ನಾಲ್ಕು ವರ್ಷದ ನಂತರ ಪಿಂಚಣಿ ವಿಷಯದಲ್ಲೇ ನ್ಯೂಜೆರ್ಸಿ ರಾಜ್ಯದ ಸರದಿ, ಒಂದು ರಾಜ್ಯದ ಮೇಲೆ ಇಂಥ ಕ್ರಮ ಅದೇ ಮೊದಲು.

ಇದು ಬರೀ ತೆರಿಗೆ ಕಟ್ಟುವವರ ಚಿಂತೆ ಅಂದುಕೊಳ್ಳಬೇಡಿ, ರಿಟೈರ್ ಆದವರಿಗೇ ಇದು ಹೆಚ್ಚು ಬೇಕಾದ ಅಂಕಿ. ಕ್ಯಾಲಿಫೋರ್ನಿಯಾದ ಸ್ಟಾಕ್ಟನ್ ಊರು 2012ರಲ್ಲಿ ದಿವಾಳಿ ಅರ್ಜಿ ಹಾಕಿತು. ಕೊನೆಗೆ ಪಿಂಚಣಿಗೆ ಕೈ ಹಾಕಲಿಲ್ಲ. ಆರೋಗ್ಯ ವಿಮೆಯನ್ನು ಮಾತ್ರ ಪೂರ್ತಿ ಅಳಿಸಿಬಿಟ್ಟರು. ಸುಮಾರು 54 ಕೋಟಿ ಡಾಲರ್‌ನ ಭರವಸೆಗೆ ಎಲ್ಲರಿಗೂ ಸೇರಿ 51 ಲಕ್ಷ ಡಾಲರ್ ಕೊಟ್ಟು ಕೈ ತೊಳೆದುಕೊಂಡರು, ಡಾಲರಿಗೆ ಒಂದು ಸೆಂಟಿನಷ್ಟು. ವಿಮೆ ನಂಬಿಕೊಂಡು 65 ಆಗುವ ಮುಂಚೆ, ಅಂದರೆ ವಯಸ್ಸಾದವರಿಗೆ ಇರುವ ಒಕ್ಕೂಟ ಸರ್ಕಾರದ ವಿಮೆ ಮೆಡಿಕೇರ್ ಸಿಗುವ ಮುಂಚೆ ರಿಟೈರ್ ಆದವರ ಪಾಡು ಯೋಚಿಸಿ.

ಆ ಟಿಪ್ಪಣಿಯನ್ನು ಹೇಗೆ ಓದುವುದು? ಮೂರು ಅಂಕಣದ ಎರಡು ಸಣ್ಣ ಕೋಷ್ಟಕ ಹುಡುಕಿ. ಒಂದರಲ್ಲಿ ಲೆಕ್ಕಕ್ಕೆ ಬಳಸಿದ ದರ ಒಂದು ಪರ್ಸೆಂಟ್ ಇಳಿದರೆ, ಈಗಿನಂತೆ ಇದ್ದರೆ, ಏರಿದರೆ ಬಾಕಿ ಎಷ್ಟು ಅಂತ ಇರುತ್ತದೆ. ಇನ್ನೊಂದರಲ್ಲಿ ವೈದ್ಯಕೀಯ ಖರ್ಚು ಏರುವ ವೇಗಕ್ಕೆ ಅದೇ ರೀತಿ. ಎರಡನೆಯದರ ಮೂರನೇ ಅಂಕಣ ನೋಡಿದರೆ ಸಾಕು, ಆಸ್ಪತ್ರೆ ಬಿಲ್ ಅಂದುಕೊಂಡದ್ದಕ್ಕಿಂತ ಸ್ವಲ್ಪ ಜೋರಾಗಿ ಏರಿದರೆ ಊರಿನ ಗತಿ ಏನು ಅನ್ನುವುದು ತಿಳಿಯುತ್ತದೆ. ಆಮೇಲೆ ಇದಕ್ಕಾಗಿ ಟ್ರಸ್ಟ್‌ನಲ್ಲಿ ದುಡ್ಡು ಎತ್ತಿಟ್ಟಿದ್ದಾರಾ ನೋಡಿ. ಎತ್ತಿಡದ ಊರು ಮುನಿಸಿಪಲ್ ಬಾಂಡ್‌ನ ಕಡಿಮೆ ದರದಲ್ಲಿ ಲೆಕ್ಕ ಹಾಕಬೇಕು, ಎತ್ತಿಟ್ಟ ಊರು ಹೂಡಿಕೆಯ ಹೆಚ್ಚಿನ ದರ ಬಳಸಬಹುದು. ಹಾಗಾಗಿ ಎರಡು ಊರುಗಳ ಬಾಕಿಯನ್ನು ಪಕ್ಕಪಕ್ಕ ಇಟ್ಟು ಸುಮ್ನೆ ಹೋಲಿಸೋಕೆ ಆಗುವುದಿಲ್ಲ. ಇನ್ನೊಂದು ಕಣ್ಣಿಗೆ ಕಾಣದ ಖರ್ಚಿದೆ. 58 ವಯಸ್ಸಿನ ನಿವೃತ್ತನೂ 30ರ ನೌಕರನೂ ಒಂದೇ ಪ್ರೀಮಿಯಂ ಗುಂಪಿನಲ್ಲಿದ್ದರೆ, ದೊಡ್ಡವರ ಖರ್ಚಿನ ಒಂದು ಪಾಲು ಚಿಕ್ಕವರ ಪ್ರೀಮಿಯಂನಲ್ಲಿ ಸೇರಿಹೋಗಿರುತ್ತದೆ. "ನಾವು ನಿವೃತ್ತರಿಗೆ ಏನೂ ಕೊಡುವುದಿಲ್ಲ, ಅವರ ಪ್ರೀಮಿಯಂ ಅವರೇ ಕಟ್ಟುತ್ತಾರೆ" ಎನ್ನುವ ಊರಿನ ವರದಿಯಲ್ಲೂ ಓಪೆಬ್ ಬಾಕಿ ಕಾಣುವುದು ಇದೇ ಕಾರಣಕ್ಕೆ.

ಎಮ್ಮಾಗೆ ಮೂರೂವರೆ. ಎಲ್ಲ ಒಂದೇ ಕಡೆ ಸಿಗುತ್ತೆ ಅನ್ನುವುದು ದೊಡ್ಡ ಉಪಕಾರ. ಆದರೆ ಸಿಗುವುದು ಪಿಡಿಎಫ್, ನೂರಾರು ಪುಟದ್ದು, ಎಷ್ಟೋ ಊರುಗಳು ವರ್ಷ ಮುಗಿದು ಬಹಳ ತಡವಾಗಿ ಹಾಕುತ್ತವೆ. ನಾನು ತೆರೆದ ಒಂದು ಊರಿನ ವರದಿಯಂತೂ ಕಾಗದ ಸ್ಕ್ಯಾನ್ ಮಾಡಿ ಹಾಕಿದ್ದು, ಒಂದು ಪದವೂ ಸರ್ಚ್ ಆಗಲಿಲ್ಲ, ಪುಟ ತಿರುವಿ ತಿರುವಿಯೇ ಓಪೆಬ್ ಹುಡುಕಬೇಕಾಯಿತು. 2022ರ ಕೊನೆಯಲ್ಲಿ ಬಂದ ಒಕ್ಕೂಟದ ಕಾನೂನೊಂದು ಇಂಥ ವರದಿಗಳನ್ನು ಕಂಪ್ಯೂಟರ್ ಓದುವ ಡೇಟಾ ರೂಪಕ್ಕೆ ತರಬೇಕು ಅನ್ನುತ್ತದೆ. ಅದು ಜಾರಿಗೆ ಬಂದರೆ ಈ ವಿಮರ್ಶೆಯ ಅರ್ಧ ದೂರು ಹೋಗುತ್ತದೆ.

ಇಷ್ಟೆಲ್ಲ ಓದೋಕೆ ಪುರುಸೊತ್ತು ಇಲ್ಲದವರು ಊರಿನ ಕೌನ್ಸಿಲ್ ಸಭೆಯ ಅಜೆಂಡಾ ಮೇಲೆ ಕಣ್ಣಿಡಿ. ಕ್ಯಾಲಿಫೋರ್ನಿಯಾದಲ್ಲಿ ಪಿಂಚಣಿಯಾಗಲಿ ನಿವೃತ್ತರ ಆರೋಗ್ಯ ಸೌಲಭ್ಯವಾಗಲಿ ಹೆಚ್ಚಿಸಬೇಕಾದರೆ ಮುಂದೆ ಬೀಳುವ ಖರ್ಚನ್ನು ಪಿಂಚಣಿ, ವಿಮೆ ಲೆಕ್ಕದ ತಜ್ಞನಾದ ಆಕ್ಚುವರಿಯಿಂದ ಲೆಕ್ಕ ಹಾಕಿಸಿ, ಮಂಜೂರು ಮಾಡುವ ಎರಡು ವಾರ ಮೊದಲೇ ಸಾರ್ವಜನಿಕ ಸಭೆಯಲ್ಲಿ ಇಡಬೇಕು ಅಂತ ಕಾನೂನಿದೆ. ಮಂಜೂರಾದ ಮೇಲೆ ವರ್ಷಗಟ್ಟಲೆ ಕಟ್ಟುವ ಲೆಕ್ಕ ಅದು, ಪ್ರಶ್ನೆ ಕೇಳೋಕೆ ಸಿಗುವುದು ಆ ಎರಡು ವಾರ.