ಮಿನೋಲ್ಟಾದ ಸತ್ತ ಮೀಟರಿಗೆ ಮೂರು ಥರ ಸೆಲ್ ಹಾಕಿ ನೋಡಿದೆ

ನಮ್ಮ ಕಾಕಾನ ಟ್ರಂಕಿನ್ಯಾಗ ಒಂದು ಮಿನೋಲ್ಟಾ ಎಸ್‌ಆರ್‌ಟಿ 101 ಫಿಲ್ಮ್ ಕ್ಯಾಮರಾ ಬಿದ್ದಿತ್ತು, 1966ಕ್ಕ ಬಂದ ಮಾಡೆಲ್ಲು, ಶಟರ್ ಇನ್ನೂ ಅಗದಿ ಖಡಕ್, ಆದ್ರ ಬೆಳಕು ಅಳತಿ ಮಾಡೋ ಲೈಟ್ ಮೀಟರ್ ಸತ್ತಿತ್ತು. ಹುಬ್ಬಳ್ಳ್ಯಾಗ ಒಬ್ಬ ರಿಪೇರಿಯವರಿಗೆ ತೋರಿಸಿದ್ರ ಹಿಂದ ಮುಂದ ತಿರುಗಿಸಿ ನೋಡಿ "ಮೀಟರ್ ಹೋಗೇತ್ರಿ, ಶೋಕೇಸಿನ್ಯಾಗ ಇಡ್ರಿ" ಅಂದ್ರು. ಬಿಚ್ಚಿ ಸೈತ ನೋಡಲಿಲ್ಲ.

ಮನಿಗೆ ಬಂದು ಸೆಲ್ಲಿನ ಮುಚ್ಚಳ ತಗದ್ರ ಒಳಗ ಹಸರು ಕಿಲುಬು. ಕಿವಿ ಕಡ್ಡಿಗೆ ವಿನೆಗರ್ ಹಚ್ಚಿ ತಿಕ್ಕಿದೆ, ಆಮ್ಯಾಲೆ ತಳದ ತಗಡು ಬಿಚ್ಚಿದ್ರ ಸೆಲ್ಲಿಂದ ಹೋಗೋ ವೈರ್ ಕಪ್ಪಾಗಿ, ಮುಟ್ಟಿದ್ರ ಉದುರ್ತಿತ್ತು. ಎರಡು ಇಂಚು ಹೊಸಾ ವೈರ್, ಎರಡು ಚುಕ್ಕಿ ಸೋಲ್ಡರ್, ಮೀಟರಿನ ಮುಳ್ಳು ಎದ್ದು ಕುಂತ್ತು. ಅಷ್ಟಕ್ಕ ಮುಗೀತು ಅನ್ಕೊಂಡಿದ್ದೆ.

ಮುಗೀಲಿಲ್ಲ. ಈ ಕ್ಯಾಮರಾಕ್ಕ ಬೇಕಾದದ್ದು ಪಿಎಕ್ಸ್ 625 ಅನ್ನೋ ಪಾದರಸದ ಸೆಲ್ಲು, 1.35 ವೋಲ್ಟ್. ಅದು ಸಾಯೂತನಾ 1.35 ಬಿಟ್ಟು ಕದಲಂಗಿಲ್ಲ, ಅದನ್ನ ನಂಬೇ ಮೀಟರ್ ಮಾಡ್ಯಾರ. ಪಾದರಸ ವಿಷ ಅಂತ ಅಮೆರಿಕಾದಾಗ 1996ರಾಗ ಕಾಯ್ದೆ ಬಂತು, ಈಗ ಅಂಗಡ್ಯಾಗ ಕೇಳಿದ್ರ ಮಾರೀನ ನೋಡ್ತಾರ.

ಮೊದಲ ಹಾಕಿದ್ದು ಅಲ್ಕಲೈನ್ 625, 1.5 ವೋಲ್ಟ್. ಸೈಜ್ ಅದ, ಸೀದಾ ಕೂಡ್ತೇತಿ, ಅಗ್ಗ. ಕ್ಯಾಮರಾದ ತಳದಾಗ ಒಂದು ಸ್ವಿಚ್ ಐತಿ, ಬಿ.ಸಿ. (ಬ್ಯಾಟರಿ ಚೆಕ್) ಅನ್ನೋ ಕಡೆ ತಿರುಗಿಸಿದ್ರ ಸೆಲ್ ಚೆಕ್ ಆಗ್ತೇತಿ, ಕಣ್ಣಿಟ್ಟು ನೋಡೋ ಕಿಂಡ್ಯಾಗ ಮುಳ್ಳು ಒಂದು ಚೌಕ ಗುರ್ತಿನ ಹಂತ್ಯಾಕ ಬಂದು ನಿಲ್ಲಬೇಕು. ಇದನ್ನ ಹಾಕಿದ್ರ ಮುಳ್ಳು ಗುರ್ತು ದಾಟಿ ಮುಂದ ಹೋತು. ಹೊಸಾ ಸೆಲ್ ಅಲ್ಲೇನು, ಜೋರ್ ಐತಿ ಅಂತ ನಾ ಖುಷಿ ಆದೆ, ದಡ್ಡ. ವೋಲ್ಟೇಜ್ ಜಾಸ್ತಿ ಅಂದ್ರ ಮೀಟರಿಗೆ ಇಲ್ಲದ ಬೆಳಕು ಕಾಣ್ತೇತಿ, ಫೋಟೋ ಕತ್ತಲ ಬರ್ತೇತಿ. ಕೆಲಗೇರಿ ಕೆರಿ ಮ್ಯಾಲೆ ತಗದ ಇಡೀ ರೋಲ್ ಬೆಂಗಳೂರಿಗೆ ಕೊರಿಯರ್ ಮಾಡಿ ತೊಳಿಸಿದ್ರ ನೆಗೆಟಿವ್ ಎಲ್ಲಾ ತೆಳ್ಳಗ ಮಜ್ಜಿಗಿ ನೀರಿನಂಗ ಬಂದ್ವು. ಗೆಳೆಯಾನ ಡಿಜಿಟಲ್ ಕ್ಯಾಮರಾ ಬಾಜೂಕ ಇಟ್ಟು ನೋಡಿದ್ರ ಬಿಸಿಲಾಗ ಒಂದೂವರಿ ಸ್ಟಾಪ್ ತಪ್ಪು, ಪಡಸಾಲ್ಯಾಗ ಅರ್ಧ (ಒಂದು ಸ್ಟಾಪ್ ಅಂದ್ರ ಬೆಳಕು ದುಪ್ಪಟ್ಟು, ಇಲ್ಲಾ ಅರ್ಧ). ಎಲ್ಲಾ ಕಡೆ ಒಂದ ತಪ್ಪಿದ್ರ ಫಿಲ್ಮಿನ ಸ್ಪೀಡ್ ಹೇಳೋ ಎಎಸ್ಎ ಡಯಲ್ ತಿರುಗಿಸಿ ಸರಿ ಮಾಡಬಹುದಿತ್ತು, ಇದು ಬೆಳಕು ಜಾಸ್ತಿ ಆದಂಗ ತಪ್ಪೂ ಜಾಸ್ತಿ, ಮ್ಯಾಲೆ ಸೆಲ್ ಇಳದಂಗ ಅದೂ ಬದಲಾಗ್ತೇತಿ. ಬ್ಯಾಡ.

ಎರಡನೇದ್ದು ಕಿವಿ ಮಷೀನಿಂದು, ಝಿಂಕ್ ಏರ್ 675, 1.4 ವೋಲ್ಟ್. ಧಾರವಾಡದಾಗ ಔಷಧದ ಅಂಗಡ್ಯಾಗ ಕೇಳಿದ್ರ ಅವರು ದನಿ ಏರಿಸಿ, ಸಾವಕಾಶ, "ಯಾರಿಗ್ರಿ ಕೇಳಂಗಿಲ್ಲ?" ಅಂದ್ರು, ಕ್ಯಾಮರಾಕ್ಕ ಅಂದ್ರ ನಂಬಲಿಲ್ಲ. ಸೆಲ್ ಸಣ್ಣದು, 11.6 ಮಿಲಿಮೀಟರ್, ಜಾಗ ಸುಮಾರು 16ರದ್ದು, ಅದಕ್ಕ ನಳದ ವಾಷರ್ ಕೊರದು ಸುತ್ತ ಕೂಡಿಸಿದೆ. ಎತ್ತರಾನೂ ಸ್ವಲ್ಪ ಕಮ್ಮಿ ಬೀಳ್ತೇತಿ, ಬೆಳ್ಳಿ ಕಾಗದ ಮಡಚಿ ಇಡ್ರಿ, ಆದ್ರ ತೂತು ಇರೋ ಕಡೆ ಇಡಬ್ಯಾಡ್ರಿ, ಅದು ಗಾಳಿ ಕುಡದ ಬದುಕೋ ಸೆಲ್ಲು. ಸ್ಟಿಕರ್ ಕಿತ್ತು ಒಂದೆರಡು ನಿಮಿಷ ಬಿಟ್ಟು ಹಾಕಿದ್ರ ಮುಳ್ಳು ಚೌಕದ ಮ್ಯಾಲ ಬಂದು ಕುಂತ್ತು, ನೋಡಾಕ ಭಾಳ ಸಮಾಧಾನ. ಉಣಕಲ್ಲಿನ ಚಂದ್ರಮೌಳೇಶ್ವರ ಗುಡಿಗೆ ಒಯ್ದೆ, ಹೊರಗ ಬಿಸಿಲು, ಒಳಗ ಕರೀ ಕಂಬ, ಎರಡೂ ಕಡೆ ಡಿಜಿಟಲ್ ಜೊತಿ ತಾಳಿ ಬಿತ್ತು. (ಬಿಸಿಲಿಂದ ಒಳಗ ಹೋದ ಕೂಡಲೆ ಓದಬ್ಯಾಡ್ರಿ, ಮೀಟರಿನ ಒಳಗ ಬೆಳಕು ಹಿಡಿಯೋ ಹಳೇ ಸಿಡಿಎಸ್ ಸೆನ್ಸರಿಗೆ ಹೊರಗಿನ ಬೆಳಕು ಸ್ವಲ್ಪ ಹೊತ್ತು ನೆನಪಿರ್ತೇತಿ, ನಮ್ಮ ಕಣ್ಣಿನಂಗ.) ಒಂದ ತಕರಾರು, ಸ್ಟಿಕರ್ ಕಿತ್ತ ಮ್ಯಾಲೆ ವಾಪರಸ್ರಿ ಬಿಡ್ರಿ ಅದು ಒಣಗ್ತೇತಿ. ನಂದು ಏಪ್ರಿಲ್ ಬಿಸಿಲಾಗ ಐದು ವಾರ ಬಂತು.

ಮೂರನೇದ್ದು ಎಸ್‌ಆರ್ 44 ಸಿಲ್ವರ್ ಆಕ್ಸೈಡ್, 1.55 ವೋಲ್ಟ್, ಅದರ ಜೊತಿ ಒಂದು ಶಾಟ್ಕಿ ಡಯೋಡ್, ಅಂದ್ರ ಕರೆಂಟ್ ಒಂದ ಕಡೆ ಬಿಡೋ ಸಣ್ಣ ಭಾಗ. ಡಯೋಡ್ ಸುಮಾರು 0.2 ವೋಲ್ಟ್ ನುಂಗ್ತೇತಿ, ಉಳಿಯೋದು 1.35ರ ಹಂತ್ಯಾಕ. ಇದನ್ನ ಒಳಗ ಕೂಡಿಸಿದ ರೆಡಿಮೇಡ್ ಅಡಾಪ್ಟರ್ ಹೊರದೇಶದಿಂದ ತರಸಬಹುದು, ರೇಟ್ ನೋಡಿ ಕೈಬಿಟ್ಟೆ. ಕೊಪ್ಪಿಕರ್ ರೋಡಿನ ಕಡೆ ಡಯೋಡಿಗೆ ಚಿಲ್ಲರೆ ರೊಕ್ಕ. ಮೊದಲ ಉಲ್ಟಾ ಹಚ್ಚಿದೆ, ಮುಳ್ಳು ಮತ್ತ ಸತ್ತು ಎದಿ ಧಸಕ್ ಅಂತು, ಹೊಳ್ಳಿಸಿ ಹಚ್ಚಿದ್ರ ಜೀವ ಬಂತು. ಬಿಸಿಲಾಗ ಕಿವಿ ಸೆಲ್ಲಿಗೆ ಸರಿಸಮ. ಗುಡಿ ಒಳಗ ಸ್ವಲ್ಪ ಎಡವ್ತೇತಿ, ಕರೆಂಟ್ ಕಮ್ಮಿ ಹರದಾಗ ಡಯೋಡ್ ನುಂಗೋದೂ ಕಮ್ಮಿ, ವೋಲ್ಟೇಜ್ ಏರ್ತೇತಿ, ನನಗ ಅರ್ಧ ಸ್ಟಾಪಿನಷ್ಟು ಫರಕ್ ಬಂತು. ಆದ್ರ ತಿಂಗಳಾನುಗಟ್ಟಲೆ ಚಿಂತಿಲ್ಲ, ಸ್ವಿಚ್ ಆಫ್ ಮಾಡೂದು ನೆನಪಿಟ್ರ ಆತು.

ಬೆಳಕು ಅಳತಿ ಮಾಡೋ ಫೋನಿನ ಆ್ಯಪೂ ನೋಡಿದೆ, ಅಡ್ಡಿಯಿಲ್ಲ, ಆದ್ರ ಪ್ರತಿ ಫೋಟೋಕ್ಕ ಕಿಸೆಯಿಂದ ಫೋನ್ ತಗಿಯೋದಾದ್ರ ಫೋನಿನ್ಯಾಗ ತಗದ್ರಾತಲ್ಲ. ಸನ್ನಿ ಸಿಕ್ಸ್ಟೀನ್ ಲೆಕ್ಕ, ಅಂದ್ರ ಬಿಸಿಲಾಗ ಲೆನ್ಸಿನ ಕಿಂಡಿ ಎಫ್ 16, 200ರ ಸ್ಪೀಡಿನ ಫಿಲ್ಮಿಗೆ ಶಟರ್ 1/250 ಸೆಕೆಂಡ್, ಮೇ ತಿಂಗಳಾಗ ನಡೀತೇತಿ, ಜೂನಿನ ಮೋಡ ಬಂತಂದ್ರ ಬರೇ ಅಂದಾಜಿನ ಆಟ. ಶಟರ್ ಪೂರಾ ಮೆಕ್ಯಾನಿಕಲ್, ಸೆಲ್ ಇಲ್ಲದನೂ ಹೊಡೀತೇತಿ, ಅದೊಂದು ಧೈರ್ಯ.

ಈಗ ಕ್ಯಾಮರಾದಾಗ ಇರೋದು ಡಯೋಡಿಂದು, ಕತ್ತಲ ಜಾಗಾದಾಗ ಅರ್ಧ ಸ್ಟಾಪ್ ಬೆಳಕು ನಾನ ಜಾಸ್ತಿ ಬಿಡ್ತೀನಿ. ಸ್ಟಿಕರ್ ಕೀಳದ ಎರಡು ಕಿವಿ ಸೆಲ್ ಖಾಲಿ ಫಿಲ್ಮ್ ಡಬ್ಬ್ಯಾಗ ಇಟ್ಟೀನಿ, ಲಕ್ಕುಂಡಿಗೆ ಹೋಗೋ ದಿನ ಗದಗ ಬಸ್‌ಸ್ಟ್ಯಾಂಡಿನ್ಯಾಗ ಕಿತ್ತು ಹಾಕೋದು.