ಗಿಮ್ಲೆಟ್: ಬಾಟಲಿ ಕಾರ್ಡಿಯಲ್, ತಾಜಾ ನಿಂಬೆರಸ, ಮನೆಯ ಕಾರ್ಡಿಯಲ್

ಗಿಮ್ಲೆಟ್ ಎಂಬ ಕಾಕ್‌ಟೇಲ್‌ಗೆ ಬೇಕಾದ್ದು ಎರಡೇ: ಜಿನ್, ಮತ್ತೆ ಸಿಹಿ ಬೆರೆತ ನಿಂಬೆ. ಜಿನ್ ಬಗ್ಗೆ ಅಷ್ಟೇನೂ ತಕರಾರಿಲ್ಲ, ಜಗಳವೆಲ್ಲ ನಿಂಬೆಯದು. ಬಾಟಲಿಯ ಲೈಮ್ ಕಾರ್ಡಿಯಲ್, ಅಂದರೆ ಸಕ್ಕರೆ ಬೆರೆಸಿ ಕೆಡದಂತೆ ಇಟ್ಟ ನಿಂಬೆರಸ, ಹಾಕದಿದ್ದರೆ ಅದು ಗಿಮ್ಲೆಟ್ಟೇ ಅಲ್ಲ ಅನ್ನುವವರಿದ್ದಾರೆ. ಆಗತಾನೇ ಹಿಂಡಿದ ರಸವಿಲ್ಲದೆ ಮುಟ್ಟುವುದೇ ಇಲ್ಲ ಅನ್ನುವವರೂ ಇದ್ದಾರೆ. ಮೂರನೇ ದಾರಿ, ಸಿಪ್ಪೆಯನ್ನೂ ಬಳಸಿ ಮನೆಯಲ್ಲೇ ಕಾರ್ಡಿಯಲ್ ಮಾಡಿಕೊಳ್ಳುವುದು. ಮೂರನ್ನೂ ಅಕ್ಕಪಕ್ಕ ಇಟ್ಟುಕೊಂಡು ಕುಡಿದು ನೋಡಿದ್ದೇನೆ: ಒಂದೇ ಜಿನ್, ಒಂದೇ ಗಾತ್ರದ ಐಸ್, ಫ್ರೀಜರಿನಲ್ಲಿಟ್ಟು ತಣ್ಣಗೆ ಮಾಡಿದ ಒಂದೇ ಥರದ ಗ್ಲಾಸು. ಜಿನ್ ಮಾತ್ರ ಲಂಡನ್ ಡ್ರೈ ಆಗಿರಲಿ, ಜಿನ್‌ಗೆ ಅದರ ರುಚಿ ಕೊಡುವ ಜುನಿಪರ್ ಕಾಯಿಯ ಘಾಟು ಎದ್ದು ಕಾಣುವಂಥದ್ದು. ಹೂವಿನ ಪರಿಮಳದ ಮೆದು ಜಿನ್‌ಗಳು ಈ ಹುಳಿಯ ಮುಂದೆ ನಿಲ್ಲುವುದಿಲ್ಲ.

ಬಾಟಲಿಯ ಪಕ್ಷದವರಿಗೆ ಇತಿಹಾಸದ ಬಲವಿದೆ, ಅದನ್ನು ಒಪ್ಪಲೇಬೇಕು. ತಿಂಗಳುಗಟ್ಟಲೆ ಸಮುದ್ರದಲ್ಲಿರುವ ನಾವಿಕರು ವಿಟಮಿನ್ ಸಿ ಸಿಗದೆ ಸ್ಕರ್ವಿ ರೋಗಕ್ಕೆ ತುತ್ತಾಗುತ್ತಿದ್ದರು. 1867ರಲ್ಲಿ ಬ್ರಿಟನ್ ತನ್ನ ವ್ಯಾಪಾರಿ ಹಡಗುಗಳ ನಾವಿಕರಿಗೂ ನಿಂಬೆರಸ ಕೊಡಬೇಕೆಂದು ಕಾಯ್ದೆ ಮಾಡಿತು. ಅದೇ ವರ್ಷ ಸ್ಕಾಟ್ಲೆಂಡಿನ ಲೀತ್ ಬಂದರಿನ ಲಾಕ್ಲನ್ ರೋಸ್, ಮದ್ಯ ಸೇರಿಸದೆ ರಸ ಕೆಡದಂತೆ ಇಡುವ ವಿಧಾನಕ್ಕೆ ಪೇಟೆಂಟ್ ಪಡೆದರು. ಗಿಮ್ಲೆಟ್ ಬೆಳೆದದ್ದು ಆ ಕಾರ್ಡಿಯಲ್ ಜೊತೆಗೇ. ಲಂಡನ್ನಿನ ಸವಾಯ್ ಹೋಟೆಲಿನ ಬಾರ್ ನೋಡಿಕೊಳ್ಳುತ್ತಿದ್ದ ಹ್ಯಾರಿ ಕ್ರ್ಯಾಡಕ್ 1930ರಲ್ಲಿ ಅಚ್ಚು ಹಾಕಿಸಿದ ಅಳತೆ ಅರ್ಧ ಜಿನ್, ಅರ್ಧ ಕಾರ್ಡಿಯಲ್.

ಆ ಅಳತೆಯಲ್ಲಿ ಮಾಡಿದರೆ ಈಗಿನ ನಾಲಿಗೆಗೆ ಬರೀ ಸಿಹಿ. 60 ಮಿಲಿ ಜಿನ್‌ಗೆ 20 ಮಿಲಿ ಕಾರ್ಡಿಯಲ್ ಅಂದರೆ ಹದಕ್ಕೆ ಬರುತ್ತದೆ. ಆದರೂ ಅದರಲ್ಲಿ ಹಸಿ ನಿಂಬೆಯ ಕಳೆ ಇಲ್ಲ. ರುಚಿ ಬೇಯಿಸಿದ ಹಣ್ಣಿನದು, ಸಿಪ್ಪೆ ಹಾಕಿ ಕಾಯಿಸಿದ ಕಿತ್ತಳೆ ಜಾಮ್ ಮಾರ್ಮಲೇಡ್‌ಗೆ ಹತ್ತಿರ. ಗ್ಲಾಸನ್ನು ಮೂಗಿನ ಹತ್ತಿರ ಹಿಡಿದರೆ ಜಿನ್ ವಾಸನೆ ಬರುತ್ತದೆ, ನಿಂಬೆಯದು ಬರುವುದೇ ಇಲ್ಲ. ಕುಡಿದ ಮೇಲೆ ತುಟಿ ಅಂಟಂಟು. ಯಾವತ್ತು ಮಾಡಿದರೂ ಒಂದೇ ರುಚಿ, ಬೇಗ ಕೆಡುವುದೂ ಇಲ್ಲ. ನನಗೆ ಕಂಡ ಲಾಭ ಇಷ್ಟೇ.

ತಾಜಾ ರಸದ್ದು ಬೇರೆಯೇ ಸ್ವಭಾವ. 60 ಮಿಲಿ ಜಿನ್, 20 ಮಿಲಿ ರಸ, ಸಮ ತೂಕದ ಸಕ್ಕರೆ ಮತ್ತು ನೀರಿನಿಂದ ಮಾಡಿದ 20 ಮಿಲಿ ಪಾಕ. ಶೇಕರಿಗೆ ಗಟ್ಟಿ ಐಸ್ ತುಂಬಿ ಹತ್ತು ಹನ್ನೆರಡು ಸೆಕೆಂಡು ಜೋರಾಗಿ ಅಲುಗಾಡಿಸಿ, ಸಣ್ಣ ಜಾಲರಿಯಲ್ಲಿ ಸೋಸಬೇಕು. ಮೊದಲ ಗುಟುಕಿನ ಮಟ್ಟಿಗೆ ಮೂರರಲ್ಲಿ ಇದೇ ಗೆದ್ದಿತು. ಚುರುಕು, ಹಗುರ, ಬಾಯಿಯೆಲ್ಲ ಎಚ್ಚರವಾಗುತ್ತದೆ. ಅರ್ಧ ಗ್ಲಾಸಿಗೆ ಬರುವಷ್ಟರಲ್ಲಿ ಚಳಿ ಇಳಿದು ಹುಳಿ ಒಂದು ಕಡೆ, ಜಿನ್ ಇನ್ನೊಂದು ಕಡೆ ನಿಂತುಬಿಡುತ್ತವೆ. ಇನ್ನೊಂದು ವಿಷಯ: ರಮ್, ನಿಂಬೆರಸ, ಸಕ್ಕರೆ ಸೇರಿದರೆ ಡೈಕಿರಿ. ಇದು ರಮ್ ಜಾಗದಲ್ಲಿ ಜಿನ್ ಕೂತ ಡೈಕಿರಿ. ಒಳ್ಳೆಯ ಪಾನೀಯವೇ, ಆದರೆ ಗಿಮ್ಲೆಟ್ಟಿನ ಗುಂಡಗಿನ ಮೈಕಟ್ಟು ಇದಕ್ಕಿಲ್ಲ. ಇದನ್ನೇ ಮಾಡುವುದಾದರೆ ರಸವನ್ನು ಮೊದಲು ನಾಲಿಗೆಗೆ ಹಚ್ಚಿ ನೋಡಿ. ಒಂದು ಹಣ್ಣಿನ ಹಾಗೆ ಇನ್ನೊಂದು ಇರುವುದಿಲ್ಲ, ಪಾಕ 15ರಿಂದ 25 ಮಿಲಿವರೆಗೂ ಓಡಾಡಬಹುದು. ಹಣ್ಣನ್ನು ತಿರುಚಿ ತಿರುಚಿ ಹಿಂಡಿದರೆ ಬಿಳಿ ಪದರದ ಕಹಿ ಇಳಿಯುತ್ತದೆ. ಕೊನೆಯ ನಾಲ್ಕು ಹನಿಗೆ ಆಸೆಪಡಬೇಡಿ.

ಹಾಗಾದರೆ ನಿಂಬೆಯ ವಾಸನೆ ಹೋದದ್ದೆಲ್ಲಿ? ಅದು ರಸದಲ್ಲಿಲ್ಲ, ಸಿಪ್ಪೆಯಲ್ಲಿದೆ. ಸಿಪ್ಪೆಯ ಮೇಲೆ ಕಾಣುವ ಸಣ್ಣ ಸಣ್ಣ ಚುಕ್ಕಿಗಳೆಲ್ಲ ಎಣ್ಣೆಯ ಚೀಲಗಳು. ಬಾಟಲಿಯೂ ತಾಜಾ ರಸವೂ ಕೈಬಿಟ್ಟದ್ದು ಅದನ್ನೇ. ಮನೆಯ ಕಾರ್ಡಿಯಲ್ ಅಲ್ಲಿಂದಲೇ ಶುರುವಾಗುತ್ತದೆ.

ಕಲೆಯಿಲ್ಲದ ಆರು ಹಸಿರು ನಿಂಬೆ ತೊಳೆದು, ಉಜ್ಜಿ, ಒರೆಸಿ. ತರಕಾರಿ ಸಿಪ್ಪೆ ಹೆರೆಯುವ ಪೀಲರಿನಲ್ಲಿ ಹಸಿರು ಭಾಗವನ್ನಷ್ಟೇ ತೆಗೆಯಿರಿ. ಬಿಳಿ ಬಂದರೆ ಕಹಿಯೂ ಬಂತು. ಸಿಪ್ಪೆಗೆ 150 ಗ್ರಾಂ ಸಕ್ಕರೆ ಹಾಕಿ ಲಟ್ಟಣಿಗೆಯ ತುದಿಯಿಂದ ಚೆನ್ನಾಗಿ ಜಜ್ಜಿ, ಮುಚ್ಚಿಡಿ. ಸಕ್ಕರೆ ಸಿಪ್ಪೆಯ ನೀರನ್ನು ಎಳೆಯುವಾಗ ಎಣ್ಣೆಯೂ ಅದರ ಜೊತೆ ಹೊರಗೆ ಬರುತ್ತದೆ. ನಾಲ್ಕು ಗಂಟೆ ಬಿಟ್ಟು ಮುಚ್ಚಳ ತೆಗೆದರೆ ಒಣ ಸಕ್ಕರೆ ಒದ್ದೆ ಮರಳಾಗಿರುತ್ತದೆ, ಸಿಪ್ಪೆ ಬಾಡಿ ಸುರುಳಿ ಸುತ್ತಿರುತ್ತದೆ. ಆಗ ಏಳುವ ಘಮ ಈ ಇಡೀ ಕೆಲಸದಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು. ಅದಕ್ಕೆ ಅದೇ ಹಣ್ಣುಗಳಿಂದ ಹಿಂಡಿದ 150 ಮಿಲಿ ರಸ (ಸಾಲದಿದ್ದರೆ ಇನ್ನೊಂದೆರಡು ಹಣ್ಣು) ಮತ್ತು 5 ಗ್ರಾಂ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಮ್ಲ, ಸೇರಿಸಿ ಸಕ್ಕರೆ ಕರಗುವವರೆಗೆ ಕಲಕಿ ಸೋಸಿ. ಇಷ್ಟು ಸಕ್ಕರೆಯನ್ನು ಎದುರಿಸಲು ರಸದ ಹುಳಿಯೊಂದೇ ಸಾಲದು, ಅದಕ್ಕೇ ನಿಂಬೆ ಉಪ್ಪು. ಒಲೆಯ ಮೇಲೆ ಮಾತ್ರ ಇಡಲೇಬೇಡಿ. ಕಾಯಿಸಿದರೆ ಎಣ್ಣೆಯ ಪರಿಮಳ ಹಾರಿ, ಬಾಟಲಿಯ ಅದೇ ಬೆಂದ ರುಚಿ ಬರುತ್ತದೆ. ಕಷ್ಟಪಟ್ಟು ಸಿಪ್ಪೆ ತೆಗೆದದ್ದಕ್ಕೆ ಅರ್ಥವೇ ಇರುವುದಿಲ್ಲ.

60 ಮಿಲಿ ಜಿನ್‌ಗೆ ಇದು 25 ಮಿಲಿ. ಗ್ಲಾಸು ತುಟಿಗೆ ಮುಟ್ಟುವ ಮೊದಲೇ ಸಿಪ್ಪೆಯ ವಾಸನೆ ಮೂಗಿಗೆ ಬರುತ್ತದೆ. ಆಮೇಲೆ ಜುನಿಪರ್, ಅದರ ಬೆನ್ನಿಗೇ ಹುಳಿ. ಸಿಪ್ಪೆಯ ಎಣ್ಣೆಗೂ ಜುನಿಪರ್‌ಗೂ ಹಳೆಯ ನಂಟಿದೆ, ಎರಡರಲ್ಲೂ ಲಿಮೋನೀನ್, ಪೈನೀನ್ ಎಂಬ ಪರಿಮಳದ ಅಂಶಗಳಿವೆ. ಗ್ಲಾಸಿನ ತಳ ಮುಟ್ಟುವವರೆಗೂ ಜಿನ್ ಮತ್ತು ನಿಂಬೆ ಬೇರೆಯಾಗದೆ ಉಳಿದದ್ದು ಇದೊಂದರಲ್ಲೇ. ನನ್ನ ಪಾಲಿಗೆ ಗಿಮ್ಲೆಟ್ ಅಂದರೆ ಇದು. ಬಾಟಲಿಯವರು ಹೇಳುವ ಮೈಕಟ್ಟು, ತಾಜಾ ರಸದವರು ಹೇಳುವ ಚುರುಕು, ಎರಡೂ ಇದರಲ್ಲಿ ಸಿಕ್ಕಿತು.

ಶೇಕ್ ಮಾಡಬೇಕೋ ಕಲಕಬೇಕೋ? ತಾಜಾ ರಸದ್ದನ್ನು ಶೇಕ್ ಮಾಡಲೇಬೇಕು, ಗಾಳಿ ಸೇರಿದರೇನೇ ಅದರ ಹುಳಿ ಹಗುರಾಗುವುದು. ಮನೆಯ ಕಾರ್ಡಿಯಲ್ ಹಾಕಿದ್ದನ್ನು ನಾನು ಐಸ್ ಜೊತೆ ಅರ್ಧ ನಿಮಿಷ ಕಲಕುತ್ತೇನೆ. ನುಣುಪು ಉಳಿಯುತ್ತದೆ, ಐಸ್ ಚೂರು ತೇಲುವುದಿಲ್ಲ.

ಶ್ರಮದ ಲೆಕ್ಕಕ್ಕೆ ಬಂದರೆ, ಒಬ್ಬರಿಗೆ ಒಂದೇ ಗ್ಲಾಸು ಬೇಕು, ತಕ್ಷಣ ಬೇಕು ಅಂದಾಗ ತಾಜಾ ರಸವೇ ಸರಿ. ನಾಲ್ಕಾರು ಜನ ಸೇರುವುದಿದ್ದರೆ ಮನೆಯ ಕಾರ್ಡಿಯಲ್ಲೇ ಸಲೀಸು, ಆ ಹೊತ್ತಿನಲ್ಲಿ ಹಿಂಡುವ ಗೋಜಿಲ್ಲ, ಸುರಿದು ಕಲಕಿದರಾಯಿತು. ಫ್ರಿಜ್ಜಿನಲ್ಲಿ ಎರಡು ವಾರ ಇಡಬಹುದು, ಘಮ ಮಾತ್ರ ಮೊದಲ ವಾರದಲ್ಲೇ ಚೆನ್ನ. 57 ಶೇಕಡಾ ಮದ್ಯವಿರುವ ನೇವಿ ಸ್ಟ್ರೆಂತ್ ಜಿನ್ ಕೈಯಲ್ಲಿದ್ದರೆ ಅದನ್ನು ಈ ಕಾರ್ಡಿಯಲ್ ಜೊತೆಗೇ ಬಳಸಿ, ತಾಜಾ ರಸದ ಜೊತೆ ಅದು ಸುಡುತ್ತದೆ. ಆಗ ಜಿನ್ 45 ಮಿಲಿಗೆ ಇಳಿಸಿ, ಕಾರ್ಡಿಯಲ್ 25 ಮಿಲಿಯೇ ಇರಲಿ, ಇನ್ನೂ ಹತ್ತು ಸೆಕೆಂಡು ಹೆಚ್ಚಿಗೆ ಕಲಕಿ.